ಮುಟ್ಟದೆ ಆರಿಸುವ ಬಟ್ಟೆ: ಹತ್ತಿಯೋ, ರೇಯಾನೋ, ಲಿನನ್ನೋ, ರೇಷ್ಮೆಯೋ?

ಅಂಗಡಿಯಲ್ಲಿ ಬಟ್ಟೆ ಕೊಳ್ಳುವವರು ಬೆಲೆ ಕೇಳುವುದಕ್ಕೂ ಮೊದಲು ಥಾನಿನ ಅಂಚನ್ನು ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಹಿಡಿದು ಒಮ್ಮೆ ಉಜ್ಜಿ ನೋಡುತ್ತಾರೆ. ನೂಲು ಎಷ್ಟು ದಪ್ಪ, ನೇಯ್ಗೆ ಎಷ್ಟು ಬಿಗಿ, ಗಂಜಿ ಹಾಕಿ ಗಟ್ಟಿ ಮಾಡಿದ್ದಾರೆಯೇ, ಮೈಮೇಲೆ ಹೇಗೆ ಬೀಳುತ್ತದೆ ಎಂಬುದನ್ನೆಲ್ಲ ಆ ಎರಡು ಬೆರಳುಗಳು ಅರೆಗಳಿಗೆಯಲ್ಲಿ ಹೇಳಿಬಿಡುತ್ತವೆ. ಫೋನಿನಲ್ಲಿ ಕೊಳ್ಳುವಾಗ ಅದೇ ಬೆರಳುಗಳಿಗೆ ಸಿಗುವುದು ಗಾಜು ಮಾತ್ರ. ಕುರ್ತಾಕ್ಕೆಂದು ಆರಿಸಿಟ್ಟ ಮೂರು ಬಟ್ಟೆಗಳಲ್ಲಿ ಒಂದರ ಕೆಳಗೆ ‘ಪ್ಯೂರ್ ಕಾಟನ್’ ಎಂದೂ, ಇನ್ನೊಂದರ ಕೆಳಗೆ ‘ಸಾಫ್ಟ್ ರೇಯಾನ್’ ಎಂದೂ, ಮತ್ತೊಂದರ ಕೆಳಗೆ ‘ಲಿನನ್ ಬ್ಲೆಂಡ್’ ಎಂದೂ ಬರೆದಿರುತ್ತದೆ. ಬೆಲೆಯಲ್ಲಿ ನೂರಿನ್ನೂರು ರೂಪಾಯಿಗಳ ಅಂತರ, ಚಿತ್ರದಲ್ಲಿ ಮೂರೂ ಒಂದೇ. ಯಾವುದನ್ನು ತರಿಸಲಿ ಎಂದು ಕೇಳುವವರಿಗೆ ಒಂದೇ ಮಾತಿನ ಉತ್ತರವನ್ನು ನಾನು ಕೊಡಲಾರೆ. ಆದರೆ ಬೆರಳು ಮಾಡುತ್ತಿದ್ದ ಕೆಲಸದಲ್ಲಿ ಬಹುಪಾಲನ್ನು ಕಣ್ಣಿಗೆ ಕಲಿಸಬಹುದು, ಮತ್ತು ಅದಕ್ಕೆ ಬೇಕಾದ ವಿವರಗಳು ಸಾಮಾನ್ಯವಾಗಿ ಚಿತ್ರಗಳ ಕೆಳಗಿನ ಸಣ್ಣ ಅಕ್ಷರಗಳಲ್ಲಿ ಇರುತ್ತವೆ.

ಮೊದಲು ಅಳತೆಗೋಲು

ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದುದು, ಬರೆದಿರುವ ಹೆಸರು ನೂಲಿನದ್ದೋ ನೇಯ್ಗೆಯದ್ದೋ ಎಂಬುದನ್ನು. ಹತ್ತಿ, ರೇಷ್ಮೆ, ಲಿನನ್, ವಿಸ್ಕೋಸ್, ಪಾಲಿಯೆಸ್ಟರ್ ಎಂಬವು ನೂಲಿನ ಮೂಲವನ್ನು ಹೇಳುವ ಹೆಸರುಗಳು. ಜಾರ್ಜೆಟ್, ಕ್ರೇಪ್, ಶಿಫಾನ್, ಸಾಟಿನ್, ಪಾಪ್ಲಿನ್ ಎಂಬವು ನೂಲನ್ನು ಹೊಸೆದ ಅಥವಾ ನೇಯ್ದ ರೀತಿಯನ್ನಷ್ಟೇ ಹೇಳುತ್ತವೆ. ಕ್ರೇಪ್ ಎಂದರೆ ಬಿಗಿಯಾಗಿ ಹೊಸೆದ ನೂಲಿನಿಂದ ನೇಯ್ದು ಮೈಯನ್ನು ನವಿರಾಗಿ ನಿರಿಗೆಗಟ್ಟಿಸಿದ ಬಟ್ಟೆ. ಅದು ರೇಷ್ಮೆಯಲ್ಲೂ ಆಗಬಹುದು, ಪಾಲಿಯೆಸ್ಟರಿನಲ್ಲೂ ಆಗಬಹುದು. ಎಂಟುನೂರು ರೂಪಾಯಿಗೆ ‘ಕ್ರೇಪ್ ಸೀರೆ’ ಮಾರುವವರು ಸುಳ್ಳು ಹೇಳುತ್ತಿಲ್ಲ, ನೂಲು ಯಾವುದೆಂದು ಹೇಳುತ್ತಿಲ್ಲ ಅಷ್ಟೆ. ಆದ್ದರಿಂದ ವಿವರಣೆಯಲ್ಲಿ ನೂಲಿನ ಹೆಸರು ಶೇಕಡಾವಾರು ಪ್ರಮಾಣದ ಜೊತೆಗೆ ಇರಲೇಬೇಕು ಎಂಬುದನ್ನು ಮೊದಲ ನಿಯಮವಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ‘ಸೆಮಿ ಕಾಟನ್’, ‘ಕಾಟನ್ ಫೀಲ್’, ‘ಸಾಫ್ಟ್ ಸಿಲ್ಕ್’, ‘ಸಿಲ್ಕಿ’ ಎಂಬಂಥ ಮಾತುಗಳು ಪ್ರಮಾಣವನ್ನು ಮರೆಸುವುದಕ್ಕೆಂದೇ ಹುಟ್ಟಿದವೇನೋ ಎನಿಸುತ್ತದೆ. ಇನ್ನು ‘ಆರ್ಟ್ ಸಿಲ್ಕ್’ ಎಂಬುದರಲ್ಲಿ ಕಲೆಯೇನೂ ಇಲ್ಲ. ಅದು ಆರ್ಟಿಫಿಶಿಯಲ್ ಎಂಬ ಪದದ ಮೊಟಕು ರೂಪ.

ಎರಡನೆಯ ಅಳತೆ ತೂಕ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬುದನ್ನು ಜಿಎಸ್‌ಎಂ ಎಂದು ಬರೆದಿರುತ್ತಾರೆ. ತೆಳುವಾದ ಮಲ್‌ಮಲ್ 60ರಿಂದ 80ರಷ್ಟು, ಅಂಗಿಯ ಪಾಪ್ಲಿನ್ 110ರಿಂದ 130ರಷ್ಟು, ಸಾಧಾರಣ ಟೀ ಶರ್ಟಿನ ಬಟ್ಟೆ 160ರಿಂದ 200ರಷ್ಟು, ಜೀನ್ಸಿನ ಡೆನಿಮ್ 300ಕ್ಕೂ ಮೇಲೆ ತೂಗುತ್ತವೆ. ಈ ನಾಲ್ಕು ಅಂಕಿಗಳು ನೆನಪಿದ್ದರೆ, 75 ಜಿಎಸ್‌ಎಂ ಇರುವ ಬಿಳಿಯ ಬಟ್ಟೆಗೆ ಲೈನಿಂಗ್ ಹಾಕಿಸದೆ ಗತಿಯಿಲ್ಲ ಎಂಬುದು ಚಿತ್ರ ನೋಡದೆಯೂ ಗೊತ್ತಾಗುತ್ತದೆ. ಲೈನಿಂಗಿನ ಬಟ್ಟೆ ಮತ್ತು ಅದರ ಹೊಲಿಗೆಯ ಕೂಲಿಯನ್ನು ಸೇರಿಸಿದರೆ ಅಗ್ಗವೆಂದು ಕಂಡದ್ದು ಅಗ್ಗವಾಗಿ ಉಳಿಯದು. ಜಿಎಸ್‌ಎಂ ಕೊಟ್ಟಿಲ್ಲದಿದ್ದರೂ ತೂಕ ಕೊಟ್ಟಿದ್ದರೆ ಲೆಕ್ಕ ಹಾಕಬಹುದು: 6.3 ಮೀಟರ್ ಉದ್ದ, 1.15 ಮೀಟರ್ ಅಗಲದ ಸೀರೆ 500 ಗ್ರಾಂ ಇದ್ದರೆ ಅದು ಸುಮಾರು 70 ಜಿಎಸ್‌ಎಂ ಆಯಿತು. ಪೆಟ್ಟಿಗೆಯ ತೂಕವನ್ನೂ ಸೇರಿಸಿ ಬರೆಯುವವರು ಇದ್ದಾರೆ ಎಂಬ ಎಚ್ಚರ ಮಾತ್ರ ಇರಲಿ.

ಮೂರನೆಯದು ಬೆವರು ಮತ್ತು ತೇವ. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ಒಣತೂಕದ ಸುಮಾರು ಶೇ. 8ರಷ್ಟು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ರೇಷ್ಮೆ ಶೇ. 11ರಷ್ಟು, ಲಿನನ್ ಮತ್ತು ವಿಸ್ಕೋಸ್ ಶೇ. 12ರ ಆಸುಪಾಸು ಹಿಡಿಯುತ್ತವೆ. ಪಾಲಿಯೆಸ್ಟರ್ ಹಿಡಿಯುವುದು ಶೇ. 0.4ರಷ್ಟು ಮಾತ್ರ. ಬಸ್ಸಿನಲ್ಲಿ ಪಾಲಿಯೆಸ್ಟರ್ ರವಿಕೆ ಬೆನ್ನಿಗೆ ಅಂಟಿಕೊಳ್ಳುವುದಕ್ಕೂ, ಅದೇ ರವಿಕೆ ಮಳೆಗಾಲದಲ್ಲಿ ಒಂದೇ ರಾತ್ರಿಯಲ್ಲಿ ಒಣಗುವುದಕ್ಕೂ ಕಾರಣ ಈ ಒಂದೇ ಅಂಕಿ.

ನಾಲ್ಕನೆಯದು ಒಗೆತ. ಮೊದಲೇ ಕುಗ್ಗಿಸದ ಹತ್ತಿಬಟ್ಟೆ ಮೊದಲ ಒಗೆತಗಳಲ್ಲಿ ಶೇ. 3ರಿಂದ 5ರಷ್ಟು ಕುಗ್ಗುವುದುಂಟು, ಅಂದರೆ ಎರಡೂವರೆ ಮೀಟರಿನಲ್ಲಿ ಏಳೆಂಟು ಸೆಂಟಿಮೀಟರಿನಿಂದ ಹನ್ನೆರಡರವರೆಗೆ. ಕುರ್ತಾದ ಉದ್ದದಲ್ಲಿ ಇದು ಕಣ್ಣಿಗೆ ಹೊಡೆಯುವ ವ್ಯತ್ಯಾಸ. ‘ಪ್ರೀ ಶ್ರಂಕ್’ ಅಥವಾ ‘ಸ್ಯಾನ್ಫರೈಸ್ಡ್’ ಎಂದು ಬರೆದಿಲ್ಲದಿದ್ದರೆ ಕಾಲು ಮೀಟರ್ ಹೆಚ್ಚು ತರಿಸಿ, ಹೊಲಿಯಲು ಕೊಡುವ ಮೊದಲು ನೆನೆಸಿ ಒಣಗಿಸುವುದು ಕ್ಷೇಮ.

ಅಗಲವನ್ನು ಮರೆಯುವವರೇ ಹೆಚ್ಚು. ದರ್ಜಿಗಳು ಪನ್ನ ಎಂದು ಕರೆಯುವ ಈ ಅಗಲ 36 ಇಂಚು ಇದ್ದರೆ ಗಂಡಸರ ತುಂಬುತೋಳಿನ ಅಂಗಿಗೆ ಎರಡೂಕಾಲು ಮೀಟರ್ ಬೇಕು, 58 ಇಂಚು ಇದ್ದರೆ 1.6 ಮೀಟರ್ ಸಾಕು. ಮೀಟರಿನ ದರ ಮಾತ್ರ ಹೋಲಿಸಿದರೆ ಕಿರಿದಾದ ಬಟ್ಟೆ ಯಾವಾಗಲೂ ಅಗ್ಗವಾಗಿಯೇ ಕಾಣುತ್ತದೆ.

ಹತ್ತಿ ಮತ್ತು ಅದರ ಹೆಸರಿನಲ್ಲಿ ಬರುವವು

ಮೇಲಿನ ಅಳತೆಗಳನ್ನು ಒಟ್ಟಾಗಿ ನೋಡಿದರೆ ದಿನಬಳಕೆಗೆ ಹತ್ತಿಯನ್ನು ಮೀರಿಸುವುದು ಕಷ್ಟ. ಅದಕ್ಕೆ ಒಂದು ವಿಶೇಷ ಗುಣವಿದೆ: ಒದ್ದೆಯಾದಾಗ ಹತ್ತಿಯ ಎಳೆ ಇನ್ನಷ್ಟು ಗಟ್ಟಿಯಾಗುತ್ತದೆ. ಬಿಸಿನೀರು, ಸೋಪು, ಒಗೆಯುವ ಕಲ್ಲು ಎಲ್ಲವನ್ನೂ ಅದು ತಡೆದುಕೊಳ್ಳುವುದು ಈ ಕಾರಣಕ್ಕೆ. ಸುಕ್ಕುಗಟ್ಟುವುದು, ಕುಗ್ಗುವುದು, ನಿಧಾನವಾಗಿ ಒಣಗುವುದು ಅದರ ದೋಷಗಳು.

ಹತ್ತಿಯೊಳಗೇ ಆರಿಸುವಾಗ ನೋಡಬೇಕಾದದ್ದು ಕೌಂಟ್ ಎಂಬ ಅಂಕಿಯನ್ನು. ಅಂಕಿ ಏರಿದಂತೆ ನೂಲು ಸಣ್ಣದಾಗುತ್ತದೆ: 40ರ ಕೌಂಟಿನ ಬಟ್ಟೆ ಒರಟು ಮತ್ತು ಗಟ್ಟಿ, 80ರದ್ದು ಹಗುರ, 100ರದ್ದು ಇನ್ನೂ ನಯ. ಆದರೆ ನಯವಾದದ್ದೆಲ್ಲ ಎಲ್ಲರಿಗೂ ಒಳ್ಳೆಯದೆಂದಲ್ಲ. ದಿನವೂ ಒಗೆಯಬೇಕಾದ ಮಕ್ಕಳ ಬಟ್ಟೆಗೆ 100ರ ಕೌಂಟನ್ನು ಕೊಳ್ಳುವುದು ಹಣದ ದಂಡ. ಕರಾವಳಿಯ ಕೈಮಗ್ಗದ ಉಡುಪಿ ಸೀರೆಯನ್ನು ಒಮ್ಮೆ ಉಟ್ಟವರಿಗೆ ಹಗುರವಾದ ಹತ್ತಿ ಬೆವರಿನ ಊರಿನಲ್ಲಿ ಏನು ಮಾಡಬಲ್ಲದು ಎಂಬುದು ತಿಳಿದಿರುತ್ತದೆ. ಆ ನೆಲದ್ದೇ ಎಂಬ ಅಧಿಕೃತ ಗುರುತಾದ ಭೌಗೋಳಿಕ ಸೂಚ್ಯಂಕ ಪಡೆದ ಆ ಸೀರೆ ಆ ಹವೆಯಲ್ಲೇ ಹುಟ್ಟಿ ಬೆಳೆದದ್ದು.

‘ಖಾದಿ ಕಾಟನ್’ ಎಂಬ ಮಾತಿನ ಬಗ್ಗೆ ಎಚ್ಚರ ಬೇಕು. ಕೈಯಲ್ಲಿ ನೂತ ನೂಲನ್ನು ಕೈಮಗ್ಗದಲ್ಲಿ ನೇಯ್ದರೆ ಮಾತ್ರ ಅದು ಖಾದಿ. ಪೇಟೆಯಲ್ಲಿ ಆ ಹೆಸರನ್ನು ಸ್ವಲ್ಪ ಗಂಟುಗಂಟಾಗಿ ಕಾಣುವ ಯಾವುದೇ ಬಟ್ಟೆಗೆ ಅಂಟಿಸುವುದುಂಟು. ನಾನೇ ಒಮ್ಮೆ ಐದು ಮೀಟರ್ ‘ಖಾದಿ ಕಾಟನ್’ ತರಿಸಿ, ಅಂಚಿನಿಂದ ಎಳೆದ ನೂಲಿಗೆ ಬೆಂಕಿ ತೋರಿಸಿದಾಗ ತುದಿಯಲ್ಲಿ ಗಟ್ಟಿಯಾದ ಕಪ್ಪು ಮಣಿಯೊಂದು ಉಳಿದುಕೊಂಡಿತು. ಹತ್ತಿ ಉರಿದರೆ ಸುಟ್ಟ ಕಾಗದದ ವಾಸನೆ ಬಂದು ಬೂದಿಯಾಗುತ್ತದೆಯೇ ಹೊರತು ಮಣಿಯಾಗುವುದಿಲ್ಲ. ಕತ್ತರಿಸಿದ ಬಟ್ಟೆಯನ್ನು ಹಿಂದಿರುಗಿಸಿಕೊಳ್ಳುವುದಿಲ್ಲ ಎಂಬ ಷರತ್ತನ್ನು ಓದದೆ ಹಣ ಕಟ್ಟಿದ್ದರಿಂದ, ಆ ಐದು ಮೀಟರ್ ಈಗ ನಮ್ಮ ಮನೆಯ ಕಿಟಕಿಗಳಲ್ಲಿ ಪರದೆಯಾಗಿದೆ.

ರೇಯಾನ್, ವಿಸ್ಕೋಸ್, ಮೋಡಾಲ್

ಹೆಚ್ಚು ಗೊಂದಲ ಇರುವುದು ಇಲ್ಲಿಯೇ. ರೇಯಾನ್ ಮತ್ತು ವಿಸ್ಕೋಸ್ ಎಂಬವು ಕುರ್ತಾಗಳ ಪೇಟೆಯಲ್ಲಿ ಒಂದೇ ವಸ್ತುವಿನ ಎರಡು ಹೆಸರುಗಳು, ಮತ್ತು ಅದು ಪ್ಲಾಸ್ಟಿಕ್ ಅಲ್ಲ. ಮರದ ತಿರುಳನ್ನು ರಾಸಾಯನಿಕಗಳಲ್ಲಿ ಕರಗಿಸಿ, ಸಣ್ಣ ತೂತುಗಳ ಮೂಲಕ ಹಾಯಿಸಿ ಮತ್ತೆ ಎಳೆಯಾಗಿಸುತ್ತಾರೆ. ಹರಿಹರದ ಪಕ್ಕದಲ್ಲಿ, ತುಂಗಭದ್ರೆಯ ದಂಡೆಯ ಕುಮಾರಪಟ್ಟಣದ ಕಾರ್ಖಾನೆಗಳಲ್ಲಿ ದಶಕಗಳಿಂದ ನಡೆಯುತ್ತಿರುವುದು ಇದೇ ಕೆಲಸ. ಮೂಲ ಮರವಾದ್ದರಿಂದ ಬೆವರನ್ನು ಹೀರುವುದರಲ್ಲಿ ವಿಸ್ಕೋಸ್ ಹತ್ತಿಗಿಂತ ಮುಂದಿದೆ. ನೀರಿನ ಹಾಗೆ ಇಳಿಬೀಳುವ ಅದರ ಬಳುಕು ಹತ್ತಿಗೆ ಬಾರದು. ಬಣ್ಣವೂ ಅದರಲ್ಲಿ ಹೊಳಪಾಗಿ ಕೂರುತ್ತದೆ. ಚಿತ್ರದಲ್ಲಿ ಅತಿ ಸುಂದರವಾಗಿ ಕಾಣುವ ಬಟ್ಟೆಯನ್ನು ಅಗ್ಗದ ಬೆಲೆಗೆ ಕಂಡರೆ ಅದು ರೇಯಾನ್ ಆಗಿರುವ ಸಂಭವವೇ ಹೆಚ್ಚು.

ಅದರ ದೌರ್ಬಲ್ಯ ನೀರು. ಒದ್ದೆಯಾದಾಗ ವಿಸ್ಕೋಸ್ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳಬಹುದು. ಹತ್ತಿಯನ್ನು ಒಗೆದ ಹಾಗೆಯೇ ಕುಕ್ಕಿ ಹಿಂಡಿ ಒಗೆದರೆ ಕೆಲವೇ ತಿಂಗಳಲ್ಲಿ ಹೊಲಿಗೆಯ ಬಳಿ ಪಿಸಿಯುತ್ತದೆ, ತೋಳು ಗಿಡ್ಡವಾಗುತ್ತದೆ, ಮೈಮೇಲೆ ಜುಂಗು ಏಳುತ್ತದೆ. ಆದ್ದರಿಂದ ಪ್ರಶ್ನೆ ಬಟ್ಟೆ ಚೆನ್ನಾಗಿದೆಯೇ ಎಂಬುದಲ್ಲ, ನಿಮ್ಮ ಮನೆಯಲ್ಲಿ ಯಾರು ಹೇಗೆ ಒಗೆಯುತ್ತಾರೆ ಎಂಬುದು. ತಣ್ಣೀರಿನಲ್ಲಿ ಮೆತ್ತಗೆ ಅದ್ದಿ, ಹಿಂಡದೆ ನೆರಳಿಗೆ ಹಾಕುವ ವ್ಯವಧಾನವಿದ್ದರೆ ರೇಯಾನ್ ಒಳ್ಳೆಯ ಆಯ್ಕೆ. ಎಲ್ಲ ಬಟ್ಟೆಗಳನ್ನೂ ಒಂದೇ ಬುಟ್ಟಿಗೆ ಹಾಕಿ ಯಂತ್ರ ತಿರುಗಿಸುವ ಮನೆಗೆ ಅಲ್ಲ.

ಮೋಡಾಲ್ ಮತ್ತು ಲಯೋಸೆಲ್ ಇದೇ ಮನೆತನದ ಸುಧಾರಿತ ಸಂತಾನ. ಒದ್ದೆಯಲ್ಲಿ ಇವು ವಿಸ್ಕೋಸಿಗಿಂತ ಗಟ್ಟಿ, ಬೆಲೆಯೂ ಅದಕ್ಕೆ ತಕ್ಕಂತೆ ಹೆಚ್ಚು. ‘ಬಿದಿರಿನ ಬಟ್ಟೆ’ ಎಂದು ಮಾರುವ ಮೆತ್ತನೆಯ ಬನಿಯನ್ನು, ಕಾಲುಚೀಲಗಳು ಬಹುಮಟ್ಟಿಗೆ ಬಿದಿರಿನ ತಿರುಳಿನಿಂದ ಮಾಡಿದ ವಿಸ್ಕೋಸೇ ಆಗಿರುತ್ತವೆ. ಬಿದಿರಿನ ಹೆಸರಿಗಾಗಿ ಎರಡು ಪಟ್ಟು ಬೆಲೆ ಕೊಡುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ.

ಲಿನನ್

ಲಿನನ್ ಅಗಸೆ ಗಿಡದ ನಾರು. ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡುವ ಅಗಸೆಯೂ ಅದೇ ಜಾತಿಯದ್ದು, ಆದರೆ ನಮ್ಮದು ಬೀಜಕ್ಕಾಗಿ ಬೆಳೆದದ್ದು. ಬಟ್ಟೆಯ ನಾರು ಮುಖ್ಯವಾಗಿ ಫ್ರಾನ್ಸ್, ಬೆಲ್ಜಿಯಂಗಳಂಥ ಯುರೋಪಿನ ದೇಶಗಳಿಂದ ಬರುತ್ತದೆ. ದುಬಾರಿಯಾಗಲು ಇದೂ ಒಂದು ಕಾರಣ. ತೇವವನ್ನು ಬೇಗ ಹೀರಿ ಬೇಗ ಬಿಡುತ್ತದೆ, ಮೈಗೆ ಅಂಟದೆ ಸ್ವಲ್ಪ ಬಿಗುವಾಗಿ ನಿಲ್ಲುತ್ತದೆ, ವರ್ಷಗಳು ಕಳೆದಂತೆ ಮೆತ್ತಗಾಗುತ್ತದೆ. ಸುಕ್ಕು ಮಾತ್ರ ತಪ್ಪಿದ್ದಲ್ಲ. ಇಸ್ತ್ರಿ ಮಾಡಿ ಕಾರಿನಲ್ಲಿ ಹತ್ತು ನಿಮಿಷ ಕೂತರೆ ಸಾಕು. ಸುಕ್ಕನ್ನು ಸಹಿಸಲಾರದವರು ಬೇರೆ ಗುಣಗಳಿಗೆ ಮರುಳಾಗಿ ಇದನ್ನು ಕೊಳ್ಳಬಾರದು.

ಲಿನನ್ ನೂಲಿನ ನಯವನ್ನು ಲೀ ಎಂಬ ಅಳತೆಯಲ್ಲಿ ಹೇಳುತ್ತಾರೆ. 60 ಲೀ ಅಂಗಿಗೆ ಹೊಂದುತ್ತದೆ, 100 ಲೀ ಮತ್ತು ಅದಕ್ಕೂ ಮೇಲಿನದು ಸೀರೆಗೆ. ನಿಜವಾದ ಲಿನನ್ ಮಾರುವವರು ಈ ಅಂಕಿಯನ್ನು ಹೆಮ್ಮೆಯಿಂದ ಬರೆಯುತ್ತಾರೆ. ಅಂಕಿಯೂ ಇಲ್ಲದೆ, ಶೇಕಡಾವಾರೂ ಇಲ್ಲದೆ, ಏಳುನೂರು ರೂಪಾಯಿಗೆ ಜರಿಯಂಚಿನ ‘ಲಿನನ್ ಸೀರೆ’ ಸಿಗುತ್ತಿದ್ದರೆ ಅದು ಲಿನನ್ನಿನಂತೆ ಕಾಣಲು ಗಂಟು ನೂಲಿನಿಂದ ನೇಯ್ದ ಬೇರೇನೋ ಬಟ್ಟೆ ಎಂದೇ ತಿಳಿಯಬೇಕು. ಕೈಗೆಟುಕುವ ಬೆಲೆಗೆ ಬೇಕೆಂದರೆ ಹತ್ತಿ ಮತ್ತು ಲಿನನ್ ಬೆರೆತದ್ದು ಪ್ರಾಮಾಣಿಕವಾದ ನಡುದಾರಿ.

ಪಾಲಿಯೆಸ್ಟರ್

ಬಟ್ಟೆಯ ಬಗ್ಗೆ ಬರೆಯುವವರೆಲ್ಲ ಪಾಲಿಯೆಸ್ಟರನ್ನು ಬೈಯುತ್ತಾರೆ, ಮತ್ತು ಬಿಸಿಲಿನ ರಾಯಚೂರಿನಲ್ಲೋ ಸೆಕೆಯ ಮಂಗಳೂರಿನಲ್ಲೋ ಕುಳಿತು ಬೈದರೆ ಅದು ಸರಿಯೇ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನನ್ನೇ ಕಾಣದ ಆಗುಂಬೆಯ ಕಡೆಯವರನ್ನು ಕೇಳಿ ನೋಡಿ. ಮೂರು ದಿನವಾದರೂ ಒಣಗದೆ ಬೂಷ್ಟು ಹಿಡಿಯುವ ಹತ್ತಿಗಿಂತ, ಹಿಂದೆ ಟೆರಿಕಾಟ್ ಎಂದು ಕರೆಯುತ್ತಿದ್ದ ಹತ್ತಿ ಮತ್ತು ಪಾಲಿಯೆಸ್ಟರ್ ಬೆರಕೆಯೇ ಅಲ್ಲಿ ವಾಸಿ. ಶಾಲೆಯ ಸಮವಸ್ತ್ರ, ಪ್ರಯಾಣದ ಬಟ್ಟೆ, ವರ್ಷಕ್ಕೆ ಎರಡು ಬಾರಿ ಮಾತ್ರ ಉಡುವ ಜಾರ್ಜೆಟ್ ಸೀರೆ ಇವುಗಳಲ್ಲೂ ಅದಕ್ಕೆ ಸ್ಥಾನವಿದೆ. ಹತ್ತಿಯ ಪಾಲು ಶೇ. 60 ದಾಟಿದ ಬೆರಕೆ ಸೆಕೆಯಲ್ಲೂ ಸಹನೀಯ. ಎಣ್ಣೆಯ ಕಲೆ ಮತ್ತು ಬೆವರಿನ ವಾಸನೆ ಮಾತ್ರ ಅದನ್ನು ಸುಲಭವಾಗಿ ಬಿಟ್ಟು ಹೋಗುವುದಿಲ್ಲ.

ರೇಷ್ಮೆ: ಬೆಲೆಯೇ ಮೊದಲ ಸಾಕ್ಷಿ

ರೇಷ್ಮೆಯಲ್ಲಿ ಮೋಸ ಹೋದರೆ ನಷ್ಟ ದೊಡ್ಡದಾದ್ದರಿಂದ ಇಲ್ಲಿ ಲೆಕ್ಕವನ್ನು ಮೂಲದಿಂದ ಹಾಕಬೇಕು. ಒಂದು ಕಿಲೋ ಕಚ್ಚಾ ರೇಷ್ಮೆ ತೆಗೆಯಲು ಆರರಿಂದ ಎಂಟು ಕಿಲೋ ಗೂಡು ಬೇಕಾಗುತ್ತದೆ. ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗಳಲ್ಲಿ ಗೂಡು ಕಿಲೋಗೆ ನೂರಾರು ರೂಪಾಯಿಗೆ ಹರಾಜಾಗುತ್ತದೆ. ಅರ್ಧ ಕಿಲೋ ತೂಗುವ ಸೀರೆಯ ನೂಲಿಗೇ ಇಷ್ಟಾದ ಮೇಲೆ ಹೊಸೆತ, ಬಣ್ಣ, ಜರಿ, ನೇಯ್ಗೆಯ ಕೂಲಿ, ಮಾರುವವರ ಲಾಭ ಎಲ್ಲವೂ ಬರಬೇಕು. ಹೀಗಿರುವಾಗ ‘ಪ್ಯೂರ್ ಸಿಲ್ಕ್’ ಸೀರೆ ರವಿಕೆಯ ಬಟ್ಟೆಯ ಸಮೇತ 999 ರೂಪಾಯಿಗೆ ಹೇಗೆ ಮನೆ ತಲುಪೀತು?

ಬೆಲೆ ಸರಿಯಾಗಿ ಕಂಡ ಮೇಲೆ ಗುರುತುಗಳನ್ನು ನೋಡಬೇಕು, ಮತ್ತು ಪ್ರತಿಯೊಂದು ಗುರುತೂ ಒಂದೇ ವಿಷಯಕ್ಕೆ ಸಾಕ್ಷಿ ಹೇಳುತ್ತದೆ ಎಂಬುದನ್ನು ಮರೆಯಬಾರದು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಕೇಂದ್ರೀಯ ರೇಷ್ಮೆ ಮಂಡಳಿ 2004ರಲ್ಲಿ ತಂದ ಸಿಲ್ಕ್ ಮಾರ್ಕ್, ನೂಲು ಅಪ್ಪಟ ರೇಷ್ಮೆ ಎಂದು ಹೇಳುತ್ತದೆ. ಜರಿ ಅಸಲಿಯೇ, ಕೈಮಗ್ಗದ್ದೇ ಎಂಬುದನ್ನು ಹೇಳುವುದಿಲ್ಲ. 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್, ಕೈಮಗ್ಗದಲ್ಲಿ ನೇಯ್ದದ್ದು ಎಂದು ಹೇಳುತ್ತದೆ. ನೂಲು ರೇಷ್ಮೆಯೇ ಎಂಬುದು ಅದರ ವಿಷಯವಲ್ಲ. ಕೈಮಗ್ಗದ ರೇಷ್ಮೆ ಎಂದು ಬೆಲೆ ಕೊಡುವವರು ಎರಡನ್ನೂ ಕೇಳಬೇಕು. 1912ರಲ್ಲಿ ಮೈಸೂರಿನಲ್ಲಿ ಆರಂಭವಾದ ಕಾರ್ಖಾನೆಯಿಂದ, ಈಗ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ (ಕೆಎಸ್‌ಐಸಿ) ಹೆಸರಿನಲ್ಲಿ ಬರುವ ಮೈಸೂರು ರೇಷ್ಮೆ ಸೀರೆಗಳಿಗೆ ಹಾಲೋಗ್ರಾಮ್ ಅಲ್ಲದೆ ಪ್ರತಿ ಸೀರೆಗೂ ಪ್ರತ್ಯೇಕ ಸಂಖ್ಯೆ ಇರುತ್ತದೆ. ಬೇರೆಯವರಿಂದ ಕೊಳ್ಳುವಾಗ ಆ ಸಂಖ್ಯೆಯ ಚಿತ್ರ ಕಳಿಸಿ ಎಂದು ಕೇಳಿದರೆ, ಕೇಳಿದ ಕೂಡಲೇ ಸಿಗುವ ಮೌನವೇ ಹಲವು ಸಲ ಉತ್ತರವಾಗಿರುತ್ತದೆ.

ಅಷ್ಟು ಹಣವಿಲ್ಲ, ಆದರೆ ಹಬ್ಬಕ್ಕೆ ರೇಷ್ಮೆಯ ಹೊಳಪು ಬೇಕು ಎನ್ನುವವರಿಗೆ ಪೂರ್ತಿ ಪಾಲಿಯೆಸ್ಟರಿನ ‘ಸಿಲ್ಕ್’ಗಿಂತ ಇಳಕಲ್ ಸೀರೆ ಎಷ್ಟೋ ಮೇಲು. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗು ಸೇರಿಸುವುದು ಆ ಊರಿನ ಹಳೆಯ ಪದ್ಧತಿ. ಒಡಲ ಹಾಸಿನ, ಅಂದರೆ ಉದ್ದಕ್ಕೆ ಓಡುವ, ಎಳೆಗಳಿಗೂ ಸೆರಗಿನ ಹಾಸಿನ ಎಳೆಗಳಿಗೂ ಕೊಂಡಿ ಹಾಕಿ ಜೋಡಿಸುತ್ತಾರೆ. ಇಲ್ಲಿಯೂ ಸೆರಗು ರೇಷ್ಮೆಯದ್ದೋ ಆರ್ಟ್ ಸಿಲ್ಕಿನದ್ದೋ ಎಂದು ಕೇಳಲೇಬೇಕು, ಬೆಲೆಯ ವ್ಯತ್ಯಾಸ ಬಹುತೇಕ ಅಲ್ಲಿಯೇ ಇದೆ. ಒಡಲು ಸೆರಗುಗಳು ಕೂಡುವ ಜಾಗದ ಹಿಂಬದಿಯ ಹತ್ತಿರದ ಚಿತ್ರವನ್ನು ತರಿಸಿಕೊಂಡರೆ ಕೊಂಡಿಯ ಸಾಲು ಕಾಣುತ್ತದೆ. ಇಳಕಲ್ ವಿನ್ಯಾಸವನ್ನು ಅಚ್ಚೊತ್ತಿದ ಸೀರೆಯಲ್ಲಿ ಆ ಸಾಲು ಇರುವುದಿಲ್ಲ.

ಯಾರಿಗೆ ಯಾವುದು

ಬೆಂಗಳೂರಿನಲ್ಲಿ ದ್ವಿಚಕ್ರದಲ್ಲಿ ಹೋಗಿ ದಿನವಿಡೀ ಹವಾನಿಯಂತ್ರಿತ ಕೋಣೆಯಲ್ಲಿ ಕೂರುವವರಿಗೆ 110ರಿಂದ 130 ಜಿಎಸ್‌ಎಂನ ಹತ್ತಿ ಅಥವಾ ಹತ್ತಿ ಮೋಡಾಲ್ ಬೆರಕೆ ಸಾಕು; ಲಿನನ್ನಿನ ಗುಣ ಅಲ್ಲಿ ಅರ್ಧ ವ್ಯರ್ಥ. ಮಂಗಳೂರು, ಕಾರವಾರದ ಬೆವರಿಗೆ ಹಣವಿದ್ದರೆ ಲಿನನ್, ಇಲ್ಲದಿದ್ದರೆ ಬಿಡುವಾಗಿ ನೇಯ್ದ 80ರ ಕೌಂಟಿನ ಹತ್ತಿ. ಕಲಬುರಗಿಯ ಒಣಬಿಸಿಲಿಗೆ ಸಡಿಲವಾಗಿ ಹೊಲಿಸಿದ ಮಲ್‌ಮಲ್ ಅಥವಾ ನಿಜವಾದ ಖಾದಿಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ವರ್ಷದ ಬಟ್ಟೆಗೆ ಸಣ್ಣ ಮೊತ್ತವನ್ನಷ್ಟೇ ತೆಗೆದಿಡಬಲ್ಲವರು ಮೂರು ರೇಯಾನ್ ಕುರ್ತಾಗಳ ಬದಲು ಎರಡು ಹತ್ತಿಯವನ್ನು ಕೊಂಡರೆ ಮುಂದಿನ ವರ್ಷವೂ ಅವು ಕಪಾಟಿನಲ್ಲಿರುತ್ತವೆ. ಮದುವೆಯ ಒಂದು ಸಂಜೆಗೆ ಮಾತ್ರ ಬೇಕಾದ ಉದ್ದನೆಯ ಗೌನಿಗೆ ರೇಯಾನೇ ಸರಿ. ಹೊರದೇಶದಿಂದ ಊರಿನ ಸೀರೆ ತರಿಸುವ ಕನ್ನಡಿಗರಿಗೆ ಹಿಂದಿರುಗಿಸುವ ದಾರಿ ಬಹುಮಟ್ಟಿಗೆ ಮುಚ್ಚಿರುತ್ತದೆಯಾದ್ದರಿಂದ ಗುರುತುಗಳಿರುವ ಮಾಲನ್ನು ಮಾತ್ರ ಕೊಳ್ಳುವುದು, ಸಾಧ್ಯವಿದ್ದರೆ ಊರಿನ ನಂಟರ ವಿಳಾಸಕ್ಕೆ ತರಿಸಿ ನೋಡಿಸುವುದು ಲೇಸು.

ಪೊಟ್ಟಣ ಬಂದ ಮೇಲೆ

ತೆರೆಯುವಾಗ ವಿಡಿಯೊ ಮಾಡಿಟ್ಟುಕೊಳ್ಳಿ, ಚೀಟಿಗಳನ್ನು ಕೀಳಬೇಡಿ, ಬಣ್ಣವನ್ನು ಹಗಲು ಬೆಳಕಿನಲ್ಲಿ ನೋಡಿ. ಮೀಟರ್ ಲೆಕ್ಕದಲ್ಲಿ ಹೆಚ್ಚು ಬೇಕಿದ್ದರೆ ಮೊದಲು ಅರ್ಧ ಮೀಟರ್ ಮಾತ್ರ ತರಿಸಿ ನೋಡುವುದರಿಂದ ಆಗುವ ಖರ್ಚು ಸಾಗಣೆಯದ್ದಷ್ಟೇ. ಒದ್ದೆ ಮಾಡಿದ ಬಿಳಿಯ ಕರವಸ್ತ್ರದಿಂದ ಒಂದು ಮೂಲೆಯನ್ನು ಉಜ್ಜಿದರೆ ಬಣ್ಣ ಬಿಡುತ್ತದೆಯೇ ಎಂಬುದು ತಿಳಿಯುತ್ತದೆ. ಅಂಚಿನ ಎರಡೆಳೆಯನ್ನು ಚಿಮಟಿಯಲ್ಲಿ ಹಿಡಿದು ತಟ್ಟೆಯ ಮೇಲೆ ಸುಟ್ಟರೆ ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಮಣಿಯಾಗುತ್ತದೆ.

ಆದರೆ ಹತ್ತಿಗೂ ರೇಯಾನಿಗೂ ಇರುವ ಭೇದವನ್ನು ಬೆಂಕಿ ಹೇಳಲಾರದು, ಎರಡೂ ಕಾಗದದಂತೆಯೇ ಉರಿಯುತ್ತವೆ. ಅಲ್ಲಿ ನೀರನ್ನೇ ಕೇಳಬೇಕು. ಒಂದೆಳೆಯನ್ನು ಎಳೆದು, ನಡುವೆ ನಾಲಿಗೆಯ ತುದಿಯಿಂದ ಒದ್ದೆ ಮಾಡಿ, ಎರಡೂ ಕೈಗಳಿಂದ ಜಗ್ಗಿ. ಒದ್ದೆಯಾದ ಜಾಗದಲ್ಲೇ ಸುಲಭವಾಗಿ ತುಂಡಾದರೆ ಅದು ರೇಯಾನ್. ಒದ್ದೆಯ ಜಾಗ ಬಿಟ್ಟು ಬೇರೆಡೆ ತುಂಡಾದರೆ ಹತ್ತಿ. ‘ಪ್ಯೂರ್ ಕಾಟನ್’ ಎಂದು ಬರೆದ ಬಟ್ಟೆ ಒದ್ದೆಯಲ್ಲೇ ತುಂಡಾಯಿತೆಂದರೆ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ವಿವರಣೆಯ ಪುಟದ ಸ್ಕ್ರೀನ್‌ಶಾಟ್ ಸಮೇತ ಮಾರಿದವರಿಗೆ ಬರೆಯಿರಿ. ಅವರು ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.